ಭಾವನವರ ಖಾಲಿ ಮೊಳೆ

ನಮ್ಮ ಭಾವ ಹಿಡಿದ ಪ್ರಾಣಿ ಯಾವುದೂ ಬಹಳ ದಿನ ಬದುಕಲಿಲ್ಲ. ಹಾಗಂತ ಅವರನ್ನು ಬೇಟೆಗಾರರು ಅಂದುಕೊಳ್ಳಬೇಡಿ. ಚಿಕ್ಕಬಳ್ಳಾಪುರದ ಹೈಸ್ಕೂಲಿನಲ್ಲಿ ಸೈನ್ಸ್ ಮೇಷ್ಟ್ರು. ಜಿರಲೆ ಕಂಡರೂ ನಮ್ಮಕ್ಕನನ್ನು ಕೂಗುವ ಜೀವ. ಅವರ ಹತ್ತಿರ ಇದ್ದದ್ದು ಕೋವಿಯಲ್ಲ, ಒಂದು ಡಬ್ಬಿ ಕ್ಯಾಮೆರಾ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು, ಪಟ ಹಿಡಿಸಿಕೊಂಡರೆ ಆಯಸ್ಸು ಕಮ್ಮಿಯಾಗುತ್ತದೆ ಅಂತ ಜನ ಇನ್ನೂ ಹೆದರುತ್ತಿದ್ದ ಕಾಲ. ಭಾವ ಮಾತ್ರ ಭಾನುವಾರ ಬಂತೆಂದರೆ ಡಬ್ಬಿಯನ್ನು ಕೊರಳಿಗೆ ಹಾಕಿಕೊಂಡು, ಸೈಕಲ್ಲೇರಿ, ಬೆಟ್ಟದ ಕಡೆ ಹೊರಟುಬಿಡುತ್ತಿದ್ದರು.

ಮೊದಲು ಸಿಕ್ಕಿದ್ದು ನಂದಿಬೆಟ್ಟದ ಒಂದು ಮುದಿ ಕೋತಿ. ಅದರ ಪಟಕ್ಕೆ ಚೌಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ನೇತುಹಾಕಿದರು. ಆಗ ನಮ್ಮ ಕಡೆ ಗೋಡೆ ಮೇಲೆ ಜಾಗ ಇದ್ದದ್ದು ದೇವರಿಗೆ, ಇಲ್ಲದಿದ್ದರೆ ಸತ್ತವರಿಗೆ. ಅಕ್ಕನ ಅತ್ತೆಗೆ ಕಣ್ಣು ಮಂಜು. ಬೆಳಿಗ್ಗೆ ಎದ್ದವರೇ ಕೋತಿಗೂ ಕುಂಕುಮವಿಟ್ಟು, ಹೂ ಏರಿಸಿ, ಕೈ ಮುಗಿದು ಮಗನನ್ನು ಕೇಳಿದರು, "ನಿಮ್ಮ ತಾತನ ಪಟ ಎಲ್ಲಿತ್ತಪ್ಪ ಇಷ್ಟು ದಿನ?"

ಅದೇ ವಾರ ಆ ಕೋತಿ ಬೆಟ್ಟದ ಬುಡದಲ್ಲಿ ಬಸ್ಸಿಗೆ ಸಿಕ್ಕಿ ಸತ್ತಿತು. ಆಮೇಲೆ ಮಂಡಿಕಲ್ ಹತ್ತಿರ ಒಂದು ನರಿಯ ಪಟ ಹಿಡಿದರು. ಪಟ ಗೋಡೆಗೆ ಬಂತು, ಅತ್ತೆ ಹೂ ಇಟ್ಟರು, ನರಿ ಪಾಳುಬಾವಿಗೆ ಬಿತ್ತು. ಗೂಬೆಯದ್ದೂ ಇದೇ ಕಥೆ. ಸುದ್ದಿ ಹಬ್ಬದೆ ಇರುತ್ತದೆಯೇ? ಬೆಟ್ಟದ ಬುಡದ ಕಳವಾರ ಹಳ್ಳಿಯಲ್ಲಿ ಭಾವನ ಸೈಕಲ್ ಬೆಲ್ ಕೇಳಿದರೆ ದನ ಒಳಗೆ ಕಟ್ಟುತ್ತಿದ್ದರು. ಒಬ್ಬ ಮುದುಕನಂತೂ ಅಡ್ಡ ನಿಂತು, "ವದ್ದು ಸಾಮಿ, ಬ್ಯಾಡ, ನಮ್ಮೆಮ್ಮೆ ಕಡೆ ಆ ಡಬ್ಬಿ ತಿರುಗಿಸ್ಬೇಡಿ, ಹಾಲು ಕೊಡ್ತೈತೆ" ಅಂದ.

ಮೇಲೂರಿನ ರೇಷ್ಮೆಯವರೊಬ್ಬರು ಮನೆಗೇ ಬಂದರು. ಅವರ ಹುಳುಮನೆಯಲ್ಲಿ ಇಲಿ ಕಾಟ.

"ಒಂದು ಪಟ ಹಿಡ್ಕೊಟ್ರೆ ಸಾಕು ಸಾರ್. ಹೂವು ನಾವೇ ಇಡ್ತೀವಿ."

ಇದೆಲ್ಲ ಮೂಢನಂಬಿಕೆ ಅಂತ ಅರ್ಧ ಗಂಟೆ ಪಾಠ ಹೇಳಿದ ಭಾವ, ಮಾರನೆಯ ಭಾನುವಾರ ಮೇಲೂರಿಗೆ ಸೈಕಲ್ ತುಳಿದರು. ಪಟ ಮಸುಕಾಗಿ ಬಂತು. ಇಲಿಗಳು ಬದುಕಿಕೊಂಡವು.

ನಗುತ್ತಿದ್ದೆವು ನಿಜ. ಆದರೆ ದೀಪ ಹಚ್ಚುವ ಹೊತ್ತಿಗೆ ಆ ನಡುಮನೆಯಲ್ಲಿ ಒಬ್ಬಳೇ ಕೂರಲು, ಅಕ್ಕನ ಮನೆಯಲ್ಲೇ ಇದ್ದು ಓದುತ್ತಿದ್ದ ನನಗೆ ಧೈರ್ಯವಿರಲಿಲ್ಲ. ಹೂ ಮುಡಿದ ನರಿ, ಕುಂಕುಮವಿಟ್ಟ ಗೂಬೆ ನನ್ನನ್ನೇ ನೋಡುತ್ತಿದ್ದವು. ಅವುಗಳ ಪಕ್ಕದಲ್ಲಿ ಒಂದು ಖಾಲಿ ಮೊಳೆ. ಚಿರತೆಗೆ ಅಂತ ಭಾವ ಮೊದಲೇ ಹೊಡೆದಿಟ್ಟದ್ದು.

"ಖಾಲಿ ಬಿಡಬೇಡಿ ರೀ," ಅನ್ನುತ್ತಿದ್ದಳು ಅಕ್ಕ. "ಅದು ಯಾರನ್ನೋ ಕೇಳ್ತಾ ಇರೋ ಹಂಗೆ ಕಾಣತ್ತೆ."

"ಅದು ಕಬ್ಬಿಣ ಕಣೇ. ಕಬ್ಬಿಣಕ್ಕೆ ಬಾಯಿರಲ್ಲ."

ಕಳವಾರದ ಬೆಟ್ಟದಲ್ಲಿ ಚಿರತೆ ಬಂದು ಮಲಗುವ ಬಂಡೆಯೊಂದಿದೆ ಅಂತ ಗೊತ್ತಾದ ಮೇಲೆ ಭಾವನಿಗೆ ಊಟ ಸೇರಲಿಲ್ಲ. ಒಂದು ಸಂಜೆ ಅಕ್ಕನನ್ನೂ ನನ್ನನ್ನೂ ಬೆಟ್ಟ ಹತ್ತಿಸಿಕೊಂಡು ಹೋದರು. ಮೊದಲು ಬೆಳಕು ನೋಡಬೇಕಂತೆ. ಅದಕ್ಕೆ ಚಿರತೆಯ ಜಾಗದಲ್ಲಿ ಅಕ್ಕ.

"ಸ್ವಲ್ಪ ಬಗ್ಗು. ಇನ್ನೂ ಸ್ವಲ್ಪ. ಹಾಂ, ಈಗ ಚಿರತೆ ಹಂಗೇ ಇದೀಯ."

"ಬಾಲ ಇಲ್ವಲ್ಲ ರೀ," ಅಂದು ಅಕ್ಕ ನಕ್ಕಳು.

ಅವಳು ನಗುತ್ತಿದ್ದಂತೆ ಹಕ್ಕಿಗಳೆಲ್ಲ ಸುಮ್ಮನಾದವು. ಮಂಜು ಬಂಡೆಯ ತನಕ ಇಳಿದುಬಂತು. ಭಾವ ಪಟ ಹಿಡಿದರು, ಇಳಿದು ಬಂದೆವು.

ಪಟ ತೊಳೆದು ಬಂದಾಗ ನೋಡಿದರೆ, ಅಕ್ಕ ಬಂಡೆ ಮೇಲೆ ನಗುತ್ತಾ ಕೂತಿದ್ದಾಳೆ. ಅವಳ ತಲೆಯ ಮೇಲಿನ ಬಂಡೆಯಿಂದ ಬಾಲವೊಂದು ಇಳಿಬಿದ್ದಿದೆ. ಅದರ ಹಿಂದೆ ಎರಡು ಕಿವಿ. ನಾವು ಅಲ್ಲಿದ್ದಷ್ಟು ಹೊತ್ತೂ ಅದು ನಮ್ಮನ್ನು ನೋಡುತ್ತಿತ್ತು.

ಭಾವ ಮನೆಯಲ್ಲಿ ಕುಣಿದಾಡಿದರು. ಅಕ್ಕ ಮಾತ್ರ ಪಟವನ್ನು ಬಹಳ ಹೊತ್ತು ನೋಡಿ, "ಇದರಲ್ಲಿ ನಾನೂ ಇದೀನಲ್ಲ ರೀ" ಅಂದಳು.

"ಸೈನ್ಸ್ ಮೇಷ್ಟ್ರ ಹೆಂಡತಿ ಆಡೋ ಮಾತಾ ಇದು?" ಅಂದು ಭಾವ ಪಟವನ್ನು ಆ ಮೊಳೆಗೆ ಹಾಕಿಯೇಬಿಟ್ಟರು. ಮಾರನೆಯ ಬೆಳಿಗ್ಗೆ ಅತ್ತೆ ಅಭ್ಯಾಸದಂತೆ ಅದಕ್ಕೂ ಕುಂಕುಮವಿಟ್ಟು ಹೂ ಏರಿಸಿದರು.

ವಾರದೊಳಗೆ ಅಕ್ಕ ಜ್ವರ ಬಂದು ಮಲಗಿದಳು. ಜ್ವರ ಇಳಿಯಲಿಲ್ಲ, ಜನರ ಗುರುತು ತಪ್ಪಿತು. ಡಾಕ್ಟರು ಮಿಕ್ಸ್ಚರ್ ಕೊಟ್ಟು, ದೇವರಿದ್ದಾನೆ ಅಂದು ಹೋದರು. ಬೆಳಿಗ್ಗೆ ಬಿಸಿನೀರು ತರಲು ನಾನು ಬಚ್ಚಲಿಗೆ ಹೋದರೆ ಭಾವ ಹಂಡೆ ಒಲೆಯ ಮುಂದೆ ಕೂತಿದ್ದರು. ಚೌಕಟ್ಟು ಉರಿಯುತ್ತಿತ್ತು. ನೆಗೆಟಿವ್ ಸುಟ್ಟ ವಾಸನೆ. ಜನ್ಮದಲ್ಲಿ ಸಿಕ್ಕ ಒಂದೇ ಚಿರತೆ ಅದು. ನಾನು ಬಿಸಿನೀರು ತೋಡಿಕೊಂಡು ಬಂದೆ.

ಅಕ್ಕ ಎದ್ದು ಕೂತಳು. ಚಿರತೆಯೂ ಕಳವಾರದ ನಾಯಿಗಳನ್ನು ಹೊತ್ತೊಯ್ಯುತ್ತಾ ಸುಖವಾಗಿತ್ತು. "ಎಲ್ಲಾ ಮಿಕ್ಸ್ಚರ್ ಕೆಲಸ ಕಣಮ್ಮ" ಅಂದರು ಭಾವ. ಅಷ್ಟಂದು ಕ್ಯಾಮೆರಾವನ್ನು ಅಟ್ಟಕ್ಕೆ ಹಾಕಿದರು. ಮದುವೆ ಮನೆಗಳಲ್ಲಿ ಫೋಟೋದವನು ಬಂದರೆ ಅಕ್ಕನ ಮುಂದೆ ಅಡ್ಡ ನಿಲ್ಲುತ್ತಿದ್ದರು. ಎಷ್ಟು ರೇಗಿಸಿದ್ದೇವೋ.

ಎಷ್ಟೋ ವರ್ಷದ ಮೇಲೆ ಅಕ್ಕ ಒಂದು ಮಧ್ಯಾಹ್ನ ನಿದ್ದೆಯಲ್ಲೇ ಹೋದಳು. ವೈಕುಂಠ ಸಮಾರಾಧನೆಯ ದಿನ ಎಲ್ಲರೂ ಕೇಳಿದರು, ಹಾರ ಹಾಕಲು ಫೋಟೋ ಎಲ್ಲಿ ಅಂತ. ಮನೆಯೆಲ್ಲ ಹುಡುಕಿದರೂ ಒಂದೂ ಇರಲಿಲ್ಲ. ನನಗೆ ದುಃಖ ತಡೆಯಲಾಗಲಿಲ್ಲ.

"ಆ ಬಂಡೆ ಮೇಲಿಂದು ಒಂದಾದ್ರೂ ಇದ್ದಿದ್ರೆ, ಭಾವ. ಎಷ್ಟು ಚೆನ್ನಾಗಿ ನಗ್ತಿದ್ಲು."

"ಅದಿದ್ದಿದ್ರೆ ಅವಳು ಇಷ್ಟು ವರ್ಷ ಇರ್ತಿರಲಿಲ್ಲ ಕಣಮ್ಮ," ಅಂದರು ನಮ್ಮ ಸೈನ್ಸ್ ಮೇಷ್ಟ್ರು.

ಆಮೇಲೆ ಎದ್ದು, ನನ್ನ ಕೈಯಲ್ಲಿದ್ದ ಮಲ್ಲಿಗೆ ಹಾರವನ್ನು ತೆಗೆದುಕೊಂಡು ಹೋಗಿ, ಆ ಖಾಲಿ ಮೊಳೆಗೆ ಹಾಕಿದರು.