ರಾಗಿ ಹೊಲದಲ್ಲಿ ಕಂಡ ಪ್ರಭೆ

ಬೆಳಕಿನಲ್ಲಿ ದೇವರು ಏನಾದರೊಂದು ಆಟ ಆಡುತ್ತಲೇ ಇರುತ್ತಾನೆ. ನಮ್ಮ ಕೈಲಾಂಚದ ಕಡೆ ಅದರ ಮೇಲೆ ಪಂಚಾಯ್ತಿ ನಡೆಯುತ್ತಲೇ ಇರುತ್ತದೆ. ನಾನು ಪೂಜೆ ಮಾಡುವ ಈಶ್ವರನ ಗುಡಿಯಲ್ಲಿ ಮೊದಲ ತೀರ್ಥ ಊರ ಯಜಮಾನರಿಗೆ. ಅವರು ತೀರಿಕೊಂಡ ಮೇಲೆ ಇಬ್ಬರು ಮಕ್ಕಳೂ ಒಟ್ಟಿಗೆ ಕೈ ಚಾಚತೊಡಗಿದರು. ಇದು ಬಗೆಹರಿಯದಿದ್ದರೆ ಕಾರ್ತಿಕ ಸೋಮವಾರದ ಪೂಜೆಯೇ ಬೇಡ ಎಂದರು ಊರವರು.

ಬಿಸಿಲುಗುದುರೆ

ಬೇಸಿಗೆಯಲ್ಲಿ ಆ ಇಬ್ಬರಲ್ಲಿ ಅಣ್ಣ ನನ್ನನ್ನು ಬೈಕಿನಲ್ಲಿ ಮಾಗಡಿಗೆ ಕರೆದೊಯ್ದರು, ದಾರಿಯುದ್ದಕ್ಕೂ ತೀರ್ಥದ್ದೇ ಮಾತು. ಮುಂದೆ ರಸ್ತೆ ತುಂಬ ನೀರು ಹೊಳೆಯಿತು.

"ಐನೋರೆ, ಮಡಿ ಪಂಚೆ ಎತ್ಕಳಿ, ನೀರು ಹಾರ್ತದೆ."

ಎತ್ತಿ ಹಿಡಿದೆ. ನಾವು ಹೋದಷ್ಟೂ ನೀರು ಮುಂದೆ ಮುಂದೆ ಓಡಿತು. ಮಾಗಡಿ ಬಂತು, ನೀರು ಬರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಅಜ್ಜಿ ಮೆಲ್ಲಗೆ, "ಪಂಚೆ ಇಳ್ಸಿ ಸ್ವಾಮಿ, ಹೆಣ್ಮಕ್ಳು ಅವ್ರೆ" ಎಂದರು.

ಸೂರ್ಯನಿಗೆ ಕೊಡೆ

ಶ್ರಾವಣದಲ್ಲಿ ಅವರ ತಮ್ಮ ತನ್ನ ಮನೆಯಲ್ಲಿ ಪೂಜೆ ಇಟ್ಟುಕೊಂಡ. ಮಂಗಳಾರತಿ ಹೊತ್ತಿಗೆ ಸೂರ್ಯನ ಸುತ್ತ ದುಂಡಗೆ ಬಣ್ಣದ ಉಂಗುರ.

"ನನ್ ಪೂಜೆಗೆ ಶಿವ ಕೊಡೆ ಹಿಡ್ದವ್ನೆ ಐನೋರೆ. ತೀರ್ಥ ನಂಗೇಯ."

ನನಗೂ ಮೈ ಜುಮ್ಮೆಂದಿತು. ಅಷ್ಟರಲ್ಲಿ ತಿಪ್ಪಸಂದ್ರದಿಂದ ಅವನ ನಾದಿನಿಯ ಫೋನು: "ನಮ್ಗೂ ಕಾಣ್ತೈತೆ ಭಾವ. ನಾವು ಪೂಜೆ ಏನೂ ಇಕ್ಕಂಡಿಲ್ಲ, ಕೋಳಿ ಸಾರು ಮಾಡ್ತಾ ಇದೀವಿ."

ಇಬ್ಬನಿ

ಕಾರ್ತಿಕ ಸೋಮವಾರ ಬಂದೇಬಿಟ್ಟಿತು, ತೀರ್ಥದ ವ್ಯಾಜ್ಯ ಮಾತ್ರ ಹಾಗೇ ಇತ್ತು. ಆದರೂ ಬೆಳಗ್ಗೆ ಅಭಿಷೇಕದ ನೀರಿಗೆಂದು ಅಣ್ಣ, ತಮ್ಮ, ನಾನು ಮೂವರೂ ಹೊಲದ ಬದುವಿನ ಮೇಲೆ ಹೊರಟಿದ್ದೆವು. ಎಳೆಬಿಸಿಲು ಬೆನ್ನಿಗೆ, ಇಬ್ಬನಿ ತುಂಬಿದ ರಾಗಿ ಪೈರಿನ ಮೇಲೆ ನಮ್ಮ ಉದ್ದುದ್ದ ನೆರಳು.

ಅಣ್ಣ ನಿಂತುಬಿಟ್ಟರು. "ನನ್ ನೆರಳಿನ ತಲೆ ಸುತ್ತ ಪ್ರಭೆ ಐತೆ. ಅಪ್ಪನ ಜಾಗ ಯಾರ್ದು ಅಂತ ಶಿವ ತೋರ್ಸ್‌ಬುಟ್ಟ."

ತಮ್ಮ ನೋಡಿದ. "ನಿನ್ ತಲೆಗೆ ಏನೂ ಇಲ್ಲ ಕಣಣ್ಣ. ಇರೋದು ನಂದಕ್ಕೆ."

"ಸೋಮವಾರ ಸುಳ್ಳು ಹೇಳ್ಬ್ಯಾಡ ಕಣ್ಲಾ. ಐನೋರೆ, ನೀವೇ ಹೇಳಿ."

ನೋಡಿದೆ. ಇಬ್ಬರ ತಲೆಗೂ ಇರಲಿಲ್ಲ. ಇದ್ದದ್ದು ನನ್ನ ತಲೆಗೆ. ಹೇಳಲು ನಾಚಿಕೆಯಾಗಿ "ಶಿವ ಶಿವ" ಎಂದೆ.

ಹಿಂದಿನಿಂದ ಅವರ ತಾಯಿ, ತಲೆ ಮೇಲೆ ಸಗಣಿ ಪುಟ್ಟಿ ಹೊತ್ತುಕೊಂಡು ಬಂದು ಪಕ್ಕದಲ್ಲಿ ನಿಂತರು. ವಿಷಯ ಕೇಳಿ ಹೊಲದತ್ತ ಕಣ್ಣು ಕಿರಿದು ಮಾಡಿದರು.

"ನಿಮ್ಗ್ಯಾರ್ಗೂ ಇಲ್ಲ ಕಣ್ರಲಾ. ನನ್ ಸಗಣಿ ಪುಟ್ಟಿಗೆ ಒಸಿ ಐತೆ. ಗುಡಿ ಮುಂದೆ ಸಾರ್ಸಿದ್ದೀರಾ?"

ಯಾರೂ ಸಾರಿಸಿರಲಿಲ್ಲ. ಶಿವನೇ ಕೇಳಿದಂತಾಯಿತು ನನಗೆ. ಮಕ್ಕಳಿಬ್ಬರೂ ತೆಪ್ಪಗೆ ಪುಟ್ಟಿ ಇಳಿಸಿಕೊಂಡು ಗುಡಿ ಮುಂದೆ ಸಾರಿಸಿದರು. ಅವರು ಕೈ ತೊಳೆದು ಬರುವಷ್ಟರಲ್ಲಿ ಪೂಜೆಯೂ ಮುಗಿದು ಮೊದಲ ತೀರ್ಥ ತಾಯಿಯ ಬೊಗಸೆಯಲ್ಲಿತ್ತು.