ಪ್ರಾಣಿಧಾಮದ ಹೊಟ್ಟೆಕಿಚ್ಚುಗಳು

ಹೊಟ್ಟೆಕಿಚ್ಚು ಮನುಷ್ಯರ ಸ್ವತ್ತು ಅಂತ ತಿಳಿದವರು ನಮ್ಮ ಪ್ರಾಣಿಧಾಮದಲ್ಲಿ ಒಂದು ಬೆಳಿಗ್ಗೆ ನಿಂತಿದ್ದರೆ ಸಾಕಿತ್ತು. ಮೇಕೆಗೆ ಮೊದಲು ಹಾಲು ಕೊಟ್ಟರೆ ಜೀಬ್ರಾ ಮರಿ ಮುಖ ತಿರುಗಿಸೋದು, ಜೀಬ್ರಾಗೆ ಕೊಟ್ಟರೆ ಮೇಕೆ ಬಂದು ಹಿಂದಿನಿಂದ ಗುದ್ದೋದು. ದಿನವೂ ಇದೇ. ಆದರೆ ನ್ಯಾಯವಾಗಿ ಹೇಳಬೇಕೆಂದರೆ, ಅಲ್ಲಿ ಪ್ರಾಣಿಗಳಿಗಿಂತ ಹೆಚ್ಚು ಉರಿದದ್ದು ನಾವೇ.

ನೈರೋಬಿಗೆ ಹೋದ ಹೊಸತು. ನನ್ನ ಗಂಡನಿಗೆ ಔಷಧಿ ಕಾರ್ಖಾನೆಯಲ್ಲಿ ಮ್ಯಾನೇಜರ್ ಕೆಲಸ, ಮಗಳಿಗೆ ಸ್ಕೂಲು, ನನಗೆ ಹೈರಿಡ್ಜ್‌ನ ಫ್ಲಾಟು. ಅವರಿಬ್ಬರಿಗೂ ಬೆಳಗಾದರೆ ಹೋಗೋಕೆ ಒಂದು ಜಾಗ ಇದೆ, ನನಗಿಲ್ಲವಲ್ಲ ಅಂತ ಸಂಕಟಪಟ್ಟು ಸೇರಿದ ಕೆಲಸ ಅದು. ಊರಾಚೆ, ದಿಕ್ಕಿಲ್ಲದ ಪ್ರಾಣಿಗಳನ್ನು ತಂದು ಸಾಕುವ ಜಾಗ. ನೋಡಲು ಬಂದವರಿಗೆ ಟಿಕೆಟ್ ಕೊಡೋದು, ಫೋನ್ ಎತ್ತೋದು, ಕೈ ಸಾಲದಿದ್ದಾಗ ಬಾಟಲಿ ಹಿಡಿದು ಹಾಲು ಕುಡಿಸೋದು.

ನಾಟ್ಯ

ಮರಿಯಿಂದಲೇ ಮನುಷ್ಯರ ಕೈಯಲ್ಲಿ ಬೆಳೆದ ಒಂದು ಗಂಡು ಉಷ್ಟ್ರಪಕ್ಷಿ ನಮ್ಮಲ್ಲಿತ್ತು. ನಾನು ಗೇಟಿನೊಳಗೆ ಕಾಲಿಟ್ಟರೆ ಸಾಕು, ಮಂಡಿಯೂರಿ ಕೂತು, ರೆಕ್ಕೆ ಎರಡೂ ಬಿಚ್ಚಿ, ಕತ್ತನ್ನು ಆ ಕಡೆ ಈ ಕಡೆ ತೂಗಿ ತೂಗಿ ಕುಣಿಯೋದು.

"ಇದಕ್ಕೇನಾಗಿದೆ?" ಅಂತ ಹಿರಿಯ ಕೀಪರನ್ನು ಕೇಳಿದೆ.

"ಏನಿಲ್ಲ ಮೇಡಂ, ನಿಮ್ಮನ್ನು ಮದುವೆಯಾಗ್ತೀನಿ ಅಂತಿದೆ."

ಮನೆಗೆ ಬಂದು ಸ್ವಲ್ಪ ಜಂಬದಿಂದಲೇ ಹೇಳಿದೆ. ಗಂಡ ಸಾರನ್ನ ಕಲಸುತ್ತಿದ್ದ ಕೈ ನಿಲ್ಲಿಸಿದರು. "ನೀನೇನಂದೆ?"

"ಏನನ್ನಲಿ ರೀ? ಎಲೆಕೋಸು ಹಾಕಿ ಬಂದೆ."

ಆ ಶನಿವಾರ 'ಸುಮ್ಮನೆ ನೋಡೋಣ' ಅಂತ ಅವರೂ ಬಂದರು. ಬೇಲಿ ಹತ್ತಿರ ಕೈಕಟ್ಟಿ ನಿಂತರು. ಉಷ್ಟ್ರಪಕ್ಷಿ ಅವರನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, ಬುಸ್ ಅಂದು ನುಗ್ಗಿಬಂತು. ನಡುವೆ ಬೇಲಿ ಇದೆ ಅನ್ನೋದು ನೆನಪಾಗುವಷ್ಟರಲ್ಲಿ ನಮ್ಮ ಯಜಮಾನರು ಕಾರಿನೊಳಗೆ ಕೂತು ಗಾಜು ಏರಿಸಿಯಾಗಿತ್ತು. ಮನೆ ಹತ್ತಿರ ಬಂದಾಗ, "ಕಾಲು ನೋಡಿದ್ಯಾ ಅವನದ್ದು? ಬರೀ ಮೂಳೆ" ಅಂದರು.

ಆಮೇಲೆ ಒಬ್ಬಳು ಹೊಸ ಸ್ವಯಂಸೇವಕಿ ಬಂದಳು. ಎತ್ತರದ ಹುಡುಗಿ. ನಾನು ಎಲೆಕೋಸು ಹಿಡಿದು ಬೇಲಿ ಹತ್ತಿರ ಹೋದರೆ, ನಮ್ಮ ನಾಟ್ಯರಾಜ ನನಗೆ ಬೆನ್ನು ಹಾಕಿ ಅವಳ ಮುಂದೆ ಕುಣಿಯುತ್ತಿದ್ದಾನೆ! ನನ್ನನ್ನು ಕಂಡರೂ ಕಾಣದ ಹಾಗೆ. ಎಲೆಕೋಸನ್ನು ಕೊಂಡೊಯ್ದು ಮೇಕೆಗೆ ಹಾಕಿದೆ. ಮನೆಯಲ್ಲಿ ಊಟ ಸೇರಲಿಲ್ಲ. ಗಂಡ ಬಿಡಿಸಿ ಬಿಡಿಸಿ ಕೇಳಿದ ಮೇಲೆ ವಿಷಯ ಹೇಳಿದೆ.

ಅವರು ಎರಡನೇ ಸಲ ಅನ್ನ ಬಡಿಸಿಕೊಂಡು ಹೇಳಿದರು: "ನಾನು ನೋಡಿದ ದಿನವೇ ಅಂದುಕೊಂಡೆ. ಹುಡುಗ ಸರಿಯಿಲ್ಲ!"

ಸವತಿ

ಆ ಹಿರಿಯ ಕೀಪರ್ ನೈರೋಬಿಯ ಕಸರಾನಿ ಬಡಾವಣೆಯವನು. ಅವನ ಜೀವ ಎಲ್ಲಾ ಒಂದು ಕುಂಟು ಕತ್ತೆಯ ಮೇಲೆ. ಕಲ್ಲುಗಣಿಯಲ್ಲಿ ಭಾರ ಹೊತ್ತು ಕಾಲು ಕೆಟ್ಟ ಆ ಹೆಣ್ಣುಕತ್ತೆಗೆ ಮಲ್ಕಿಯಾ, ಅಂದರೆ ರಾಣಿ, ಅಂತ ಹೆಸರಿಟ್ಟಿದ್ದ.

ಒಂದು ದಿನ ಅವನ ಹೆಂಡತಿ ಎರಡು ಮಟಾಟು ವ್ಯಾನು ಬದಲಾಯಿಸಿ, ಚರ್ಚಿಗೆ ಹೋಗುವ ಒಳ್ಳೇ ಬಟ್ಟೆ ಹಾಕಿಕೊಂಡು ಆಫೀಸಿಗೆ ಬಂದಳು. "ಮನೇಲಿ ಕೂತರೆ ಮಲ್ಕಿಯಾ ಉಂಡಳೋ ಇಲ್ಲವೋ, ನಿಂತರೆ ಮಲ್ಕಿಯಾ ಕಣ್ಣು ಎಷ್ಟು ಚೆಂದ. ಯಾರವಳು? ತೋರಿಸಿ."

ನಾನು ನಗು ತಡೆದುಕೊಂಡು ಕರೆದುಕೊಂಡು ಹೋದೆ. ಅವನು ನೆಲದ ಮೇಲೆ ಕೂತು, ಕತ್ತೆಯ ಕಾಲನ್ನು ತೊಡೆ ಮೇಲಿಟ್ಟುಕೊಂಡು ಎಣ್ಣೆ ತಿಕ್ಕುತ್ತಿದ್ದ. ಈಗ ಇವಳಿಗೆ ಸಮಾಧಾನವಾಗುತ್ತೆ, ನಗ್ತಾಳೆ ಅಂದುಕೊಂಡೆ. ಅವಳ ಕಣ್ಣಲ್ಲಿ ನೀರು.

"ಅಯ್ಯೋ, ಪೋಲೆ, ಪೋಲೆ," ಅಂತ ಅವರ ಭಾಷೆಯಲ್ಲೇ ಸಮಾಧಾನ ಮಾಡಿದೆ. "ಹೆಂಗಸಲ್ಲವಲ್ಲ ಬಿಡಿ!"

"ಹೆಂಗಸಾಗಿದ್ರೆ ಬೈದು ಓಡಿಸ್ತಿದ್ದೆ ಮೇಡಂ," ಅಂದಳು. "ಇವಳಿಗೆ ಏನಂತ ಬೈಲಿ? ಕತ್ತೆ ಅಂದ್ರೆ ಹೌದು ಅಂತ ನಿಂತಿರ್ತಾಳೆ!"

ದತ್ತು

ನಮ್ಮ ಕನ್ನಡದವರ ಗುಂಪಿನಲ್ಲಿ ಇಬ್ಬರು ಗೆಳತಿಯರು. ಒಬ್ಬಳ ಗಂಡ ಬ್ಯಾಂಕಿನಲ್ಲಿ, ಇನ್ನೊಬ್ಬಳ ಗಂಡ ಟೆಲಿಕಾಂನಲ್ಲಿ. ಒಬ್ಬಳು ಹೊಸ ಸೋಫಾ ತಂದರೆ ಇನ್ನೊಬ್ಬಳಿಗೆ ಬೆನ್ನುನೋವು ಶುರುವಾಗುವಷ್ಟು ಸ್ನೇಹ. ನಮ್ಮ ಧಾಮದಲ್ಲಿ ದುಡ್ಡು ಕೊಟ್ಟು ಪ್ರಾಣಿಯೊಂದನ್ನು ದತ್ತು ತೆಗೆದುಕೊಳ್ಳಬಹುದಿತ್ತು. ಪ್ರಾಣಿ ಅಲ್ಲೇ ಇರುತ್ತೆ, ಬೇಲಿ ಮೇಲೆ ನಿಮ್ಮ ಹೆಸರಿನ ಬೋರ್ಡು ಇರುತ್ತೆ. ಬ್ಯಾಂಕಿನವಳು ಜೀಬ್ರಾ ಮರಿಯನ್ನು ದತ್ತು ತೆಗೆದುಕೊಂಡಳು.

ಮಾರನೆಯ ದಿನವೇ ಟೆಲಿಕಾಂನವಳ ಫೋನು. "ಜೀಬ್ರಾಗಿಂತ ದೊಡ್ಡದು ಯಾವುದಿದೆ ನಿಮ್ಮಲ್ಲಿ?"

"ಒಂಟೆ ಇದೆ. ಆದರೆ ಅದರ ಸ್ವಭಾವ..."

"ಸ್ವಭಾವ ಇರಲಿ, ಎತ್ತರ ಎಷ್ಟು?"

ಇಬ್ಬರೂ ಸಂಸಾರ ಸಮೇತ ಒಂದೇ ಭಾನುವಾರ ಬಂದರು. ಬ್ಯಾಂಕಿನವಳು ಎಷ್ಟು ಕರೆದರೂ ಜೀಬ್ರಾ ಮರಿ ತಲೆ ಎತ್ತದೆ ಹುಲ್ಲು ಮೇಯುತ್ತಿತ್ತು. ಟೆಲಿಕಾಂನವಳು ರೇಷ್ಮೆ ಸೀರೆಯಲ್ಲಿ ಒಂಟೆ ಪಕ್ಕ ನಿಂತು, ಕ್ಯಾಮೆರಾ ನೋಡಿ ನಕ್ಕಳು. ಒಂಟೆ ಬಾಯಿ ಎರಡು ಸಲ ಆಡಿಸಿ, ತಲೆಯಿಂದ ಸೆರಗಿನ ತನಕ ಉಗಿದೇಬಿಟ್ಟಿತು. ಸುತ್ತ ಇಪ್ಪತ್ತು ಜನ ನೋಡುತ್ತಿದ್ದರು. ನಾನು ಟವೆಲ್ ಹಿಡಿದು ಓಡಿದೆ, "ದಯವಿಟ್ಟು ಬೇಜಾರು ಮಾಡ್ಕೋಬೇಡಿ!"

"ಬೇಜಾರ್ಯಾಕೆ?" ಅಂದಳು ಮುಖ ಒರೆಸಿಕೊಳ್ಳುತ್ತಾ, ಬ್ಯಾಂಕಿನವಳಿಗೆ ಕೇಳುವ ಹಾಗೆ ಗಟ್ಟಿಯಾಗಿ. "ಅವಳ ಜೀಬ್ರಾ ಅವಳ ಗುರುತೇ ಹಿಡೀಲಿಲ್ಲ. ನನ್ನ ಒಂಟೆ ನೋಡಿ, ಇಷ್ಟು ಜನರಲ್ಲಿ ಹುಡುಕಿ ನನಗೇ ಉಗೀತು!"

ಬಂಗಾರ

ಧಾಮದಲ್ಲಿ ಬೂದು ಬಣ್ಣದ ಒಂದು ಗಿಳಿ ಇತ್ತು. ಯಾರೋ ಕದ್ದು ಸಾಕಿ ಬಿಟ್ಟದ್ದು. ಮಳೆಗೆ ಅದರ ಕೋಣೆ ಸೋರಿತು ಅಂತ ಒಂದು ಶನಿವಾರ ಬೆಳಿಗ್ಗೆ ಅದನ್ನು ಮನೆಗೆ ತಂದು, ಅಡುಗೆಮನೆಯಲ್ಲಿ ಪಂಜರ ಇಟ್ಟು, ಮಗಳ ಜೊತೆ ಪಾರ್ಕ್‌ಲ್ಯಾಂಡ್ಸ್‌ಗೆ ತರಕಾರಿ ತರಲು ಹೋದೆ. ಗಂಡ ಕಾರ್ಖಾನೆಯಲ್ಲಿದ್ದರು. ಗಿಳಿ ಬಂದ ವಿಷಯ ಅವರಿಗೆ ತಿಳಿದಿರಲಿಲ್ಲ. ಆಮೇಲೆ ನಡೆದದ್ದನ್ನು ಅವರೇ ಹೇಳಿದ್ದು.

ಬೀಗ ತೆಗೆದು ಒಳಗೆ ಕಾಲಿಟ್ಟರಂತೆ. ಅಡುಗೆಮನೆಯಿಂದ ನನ್ನ ದನಿ: "ಬಂದ್ಯಾ ಬಂಗಾರ?"

ಅವರು ಗಾಬರಿಯಾಗಿ, "ಹ್ಞೂಂ, ಬಂದೆ."

"ಹಸಿವಾಯ್ತಾ ನನ್ನ ಚಿನ್ನಕ್ಕೆ?"

"ಆ... ಆಯ್ತು."

"ಬಾ, ಮುದ್ದು ಮಾಡ್ತೀನಿ."

ಮದುವೆಯಾದಾಗಿನಿಂದ 'ರೀ' ಬಿಟ್ಟು ಬೇರೇನೂ ಕೇಳದ ಮನುಷ್ಯ. ಏಕವಚನ ಕೇಳಿದಾಗಲೇ ಅನುಮಾನ ಬರಬೇಕಿತ್ತು. ಬಂದದ್ದು ಸಂತೋಷ. ಮುಖ ತೊಳೆದು, ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿ, ಸೆಂಟು ಬಡಿದುಕೊಂಡು ಅಡುಗೆಮನೆಗೆ ಹೋದರಂತೆ.

ನಾವು ಬಂದಾಗ ಅವರು ಪಂಜರದ ಮುಂದೆ ಬಾಚಣಿಗೆ ಹಿಡಿದು ನಿಂತಿದ್ದರು. ಗಿಳಿ ಅವರನ್ನೇ ನೋಡುತ್ತಾ ನನ್ನ ದನಿಯಲ್ಲಿ, "ಥೂ ಕೊಳಕು! ಮೈಯೆಲ್ಲಾ ಕೆಸರು!" ಅಂತಿತ್ತು.

"ಅಪ್ಪಾ, ವೈ ಆರ್ ಯೂ ವೇರಿಂಗ್ ಪರ್ಫ್ಯೂಮ್?" ಅಂದಳು ಮಗಳು.

ಅವರು ನನ್ನ ಕಡೆ ತಿರುಗಿದರು. "ಈ ಮಾತೆಲ್ಲಾ ಅಲ್ಲಿ ಯಾರಿಗೆ ಹೇಳ್ತೀಯಾ?"

"ಕಾಡುಹಂದಿ ಮರಿಗೆ," ಅಂದೆ ಮೆಲ್ಲಗೆ. "ಪಾಪ, ಅದಕ್ಕೆ ತಾಯಿ ಇಲ್ಲ ರೀ."

"ಹಂದಿ ಬಂಗಾರ," ಅಂದರು. "ನಾನು ರೀ." ಹೋಗಿ ಸೋಫಾ ಮೇಲೆ ಕೂತು ಪೇಪರ್ ಹಿಡಿದರು. ಪೇಪರ್ ತಲೆಕೆಳಗಾಗಿತ್ತು. ಮೊದಲು ನಗು ಬಂತು, ಆಮೇಲೆ ನಿಜವಾಗಿ ಪಾಪ ಅನ್ನಿಸಿತು. ಸಂಜೆ ಅವರಿಗಿಷ್ಟ ಅಂತ ಬಿಸಿಬೇಳೆಬಾತ್ ಮಾಡಿದೆ. ತಟ್ಟೆ ಹಾಕಿ, ನಾಚಿಕೆ ಎಲ್ಲಾ ಪಕ್ಕಕ್ಕಿಟ್ಟು, ಬಾಗಿಲಲ್ಲಿ ನಿಂತು ಕರೆದೆ.

"ಬಂಗಾರ, ಊಟಕ್ಕೆ ಬಾ."

ಅವರು ಎರಡೂ ಕಾಲು ಸೋಫಾ ಮೇಲೆ ಎತ್ತಿಕೊಂಡು, ಕೆಳಗೆ ಬಗ್ಗಿ ನೋಡಿ ಕೇಳಿದರು: "ಈಗ ಇನ್ಯಾವುದನ್ನ ತಂದಿದೀಯೇ?"