ಕ್ಲಾರ್ಕ್‌ಸ್ಟನ್ನಿನಲ್ಲಿ ಗೊಂಬೆ ಕೂರಿಸಿದ್ದು

ನನಗೆ ಮಕ್ಕಳನ್ನು ಕಂಡರಾಗದು ಎಂದು ಯಾರೂ ತಿಳಿಯಬಾರದು. ಬಹಳ ಪ್ರೀತಿ ಇದೆ. ಆದರೆ ಅದು ಫೋಟೋದಲ್ಲಿರುವ ಮಕ್ಕಳ ಮೇಲೆ, ರಸ್ತೆಯ ಆಚೆ ಬದಿಯಲ್ಲಿ ನಡೆದುಹೋಗುವ ಮಕ್ಕಳ ಮೇಲೆ, ಹೆಚ್ಚೆಂದರೆ ಬೇರೆಯವರ ಮನೆಯ ಸೋಫಾದ ಮೇಲೆ ಕುಣಿಯುವ ಮಕ್ಕಳ ಮೇಲೆ. ನಮ್ಮ ಸೋಫಾದ ಮೇಲೆ ಯಾರಾದರೂ ಕುಣಿದರೆ ನನಗೆ ಹೇಗನ್ನಿಸುತ್ತದೆ ಎಂದು ತಿಳಿಯುವ ಸಂದರ್ಭವೇ ಬಂದಿರಲಿಲ್ಲ, ಯಾಕೆಂದರೆ ನಮಗೆ ಮಕ್ಕಳಿಲ್ಲ. ಮದುವೆಯಾಗಿ ಇಪ್ಪತ್ತಾರು ವರ್ಷವಾಯಿತು. ಮೊದಲ ಹತ್ತು ವರ್ಷ ಜನ ‘ಏನಾದರೂ ವಿಶೇಷ?’ ಎಂದು ಕೇಳುತ್ತಿದ್ದರು. ಆಮೇಲಿನ ಐದು ವರ್ಷ ಡಾಕ್ಟರುಗಳ ಹೆಸರು ಹೇಳುತ್ತಿದ್ದರು. ಈಗ, ‘ಒಂದು ನಾಯಿ ಸಾಕಿಕೊಳ್ಳಿ’ ಅನ್ನುತ್ತಾರೆ. ಹೀಗೆ ಯಾರ ಗಲಾಟೆಯೂ ಇಲ್ಲದೆ ಬದುಕಿ ನನಗೆ ಮೌನದ ಚಟ ಹತ್ತಿತ್ತು.

ಕೋವಿಡ್ ತಣ್ಣಗಾದ ವರ್ಷ ನನ್ನ ಹೆಂಡತಿ ಸುಮಿತ್ರಾಳಿಗೆ ಅಟ್ಲಾಂಟಾದ ಪೂರ್ವಕ್ಕಿರುವ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ನನ್ನದು ವಿಮಾ ಕಂಪನಿಯೊಂದರ ಕಂಪ್ಯೂಟರ್ ಕೆಲಸ. ಅದು ನನ್ನ ಲ್ಯಾಪ್‌ಟಾಪ್ ಇರುವಲ್ಲೆಲ್ಲ ಇರುತ್ತದೆ. ಆಸ್ಪತ್ರೆಗೆ ಹತ್ತಿರವೆಂದು ಕ್ಲಾರ್ಕ್‌ಸ್ಟನ್ನಿನಲ್ಲಿ ಅಪಾರ್ಟ್‌ಮೆಂಟ್ ಹುಡುಕಿದೆವು. ಹುಡುಕಿದ್ದು ನಾನು, ಆನ್‌ಲೈನ್‌ನಲ್ಲಿ, ಫೋಟೋ ನೋಡಿ. ಫೋಟೋದಲ್ಲಿ ಮರಗಳಿದ್ದವು, ಹುಲ್ಲಿತ್ತು, ಒಂದು ನರಪಿಳ್ಳೆಯೂ ಇರಲಿಲ್ಲ. ಆ ಫೋಟೋವನ್ನು ಮಕ್ಕಳು ಶಾಲೆಯಲ್ಲಿರುವ ಹೊತ್ತಿನಲ್ಲಿ ತೆಗೆದಿದ್ದರು ಎಂದು ನನಗೆ ತಿಳಿದದ್ದು ಮನೆಗೆ ಬಂದ ಮೊದಲ ಸೋಮವಾರ, ಸಂಜೆ ನಾಲ್ಕು ಹತ್ತಕ್ಕೆ. ಹಳದಿ ಬಸ್ಸು ಬಂದು ನಿಂತಿತು. ಬಾಗಿಲು ತೆರೆಯಿತು. ಇಳಿದರು, ಇಳಿದರು, ಇಳಿಯುತ್ತಲೇ ಇದ್ದರು.

ಹೆಚ್ಚಿನವರು ಕರೆನ್ ಜನರ ಮಕ್ಕಳು. ಬರ್ಮಾದ ಬೆಟ್ಟಗಳ ಕಡೆಯವರು; ಅಪ್ಪ ಅಮ್ಮಂದಿರು ಥಾಯ್ಲೆಂಡಿನ ಗಡಿಯ ನಿರಾಶ್ರಿತರ ಶಿಬಿರಗಳಲ್ಲಿ ವರ್ಷಗಟ್ಟಲೆ ಇದ್ದು ಇಲ್ಲಿಗೆ ಬಂದವರು. ಈಗ ಮುಂಜಾನೆ ವ್ಯಾನ್ ಹತ್ತಿ ದೂರದ ಕೋಳಿ ಫ್ಯಾಕ್ಟರಿಗೆ ಹೋಗುತ್ತಾರೆ. ಮನೆಯಲ್ಲಿ ಅಜ್ಜಿಯರ ರಾಜ್ಯ. ಇದನ್ನೆಲ್ಲ ನನಗೆ ಹೇಳಿದ್ದು ಕೆಳಗಿನ ಮನೆಯ ಹತ್ತು ವರ್ಷದ ಪಾ ವಾ ಎಂಬ ಹುಡುಗಿ. ಮಾತು ಬೆಳೆಸಲೆಂದು, ‘ನೀವು ಬರ್ಮೀಸಾ?’ ಎಂದು ಕೇಳಿದ್ದೆ. ಅವಳು ಸೊಂಟದ ಮೇಲೆ ಕೈಯಿಟ್ಟು ಇಂಗ್ಲಿಷಿನಲ್ಲಿ, ‘ಅಲ್ಲ, ಕರೆನ್. ನೀನು?’ ಎಂದಳು. ಇಂಡಿಯನ್ ಎಂದೆ. ‘ಇಂಡಿಯನ್ ಅಂದ್ರೆ ಯಾವುದು?’ ಎಂದಳು. ಇಪ್ಪತ್ತು ವರ್ಷದಿಂದ ಈ ದೇಶದಲ್ಲಿದ್ದೇನೆ, ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕನ್ನಡ ಎಂದೆ. ‘ಓಕೆ’ ಎಂದು ಒಪ್ಪಿ, ಸೈಕಲ್ ಹತ್ತಿ ಹೊರಟುಹೋದಳು.

ಈಗ ಗೊಂಬೆಗಳ ವಿಷಯಕ್ಕೆ ಬರುತ್ತೇನೆ. ನಮ್ಮ ಕ್ಲಾಸೆಟ್ಟಿನ ಮೇಲಿನ ಹಲಗೆಯ ಮೇಲೆ ಮೂರು ದೊಡ್ಡ ರಟ್ಟಿನ ಪೆಟ್ಟಿಗೆಗಳಿವೆ. ಒಳಗೆ ಸುಮಿತ್ರಾಳ ಅಜ್ಜಿಯಿಂದ ಅವಳ ತಾಯಿಗೆ, ತಾಯಿಯಿಂದ ಅವಳಿಗೆ ಬಂದ ದಸರಾ ಗೊಂಬೆಗಳು. ಪಟ್ಟದ ರಾಜ ರಾಣಿ, ಅಂಗಡಿ ಇಟ್ಟುಕೊಂಡು ಕೂತಿರುವ ಡೊಳ್ಳು ಹೊಟ್ಟೆಯ ಶೆಟ್ಟಿ ಮತ್ತು ಅವನ ಹೆಂಡತಿ, ಸೊಂಡಿಲು ಒಮ್ಮೆ ಮುರಿದು ಅಂಟಿಸಿಕೊಂಡಿರುವ ಆನೆ, ದೇವರುಗಳು, ವಾದ್ಯದವರು. ಮೈಸೂರಿನಿಂದ ಒಂದೊಂದನ್ನೂ ಹಳೆಯ ಪಂಚೆಯಲ್ಲಿ ಸುತ್ತಿ ತಂದವಳು ಅವಳು. ವರ್ಷಕ್ಕೊಮ್ಮೆ ಕೆಳಗಿಳಿಸಿ, ಮತ್ತೆ ಮೇಲಕ್ಕೇರಿಸಿ, ನಡುವೆ ಸೊಂಟಕ್ಕೆ ಮುಲಾಮು ಹಚ್ಚಿಕೊಳ್ಳುವವನು ನಾನು. ಇಷ್ಟೆಲ್ಲ ಮಾಡಿ ನೋಡುವವರು ಯಾರು? ನಮ್ಮ ಕನ್ನಡದವರೆಲ್ಲ ಇರುವುದು ಅಟ್ಲಾಂಟಾದ ಉತ್ತರಕ್ಕಿರುವ ಆಲ್ಫರೆಟಾ ಕಡೆ. ಹದಿನೈದು ದಿನ ಮೊದಲೇ ಸಮಯ ಗೊತ್ತುಮಾಡಿಕೊಂಡು ಭಾನುವಾರ ಬರುತ್ತಾರೆ. ಇನ್ನೂ ನಾಲ್ಕು ಮನೆ ಇದೆ ಎಂದು ಇಪ್ಪತ್ತು ನಿಮಿಷಕ್ಕೆ ಎದ್ದುಬಿಡುತ್ತಾರೆ. ಕೊಟ್ಟ ಎಲೆ ಅಡಿಕೆ ಅವರ ಕಾರಿನ ಸೀಟಿನ ಸಂದಿಯಲ್ಲಿ ಮುಂದಿನ ದಸರಾದವರೆಗೆ ಒಣಗುತ್ತದೆ.

ಆ ವರ್ಷ ಪೆಟ್ಟಿಗೆ ಇಳಿಸುವಾಗ ಸುಮಿತ್ರಾ, ‘ಇದೇ ಕೊನೆ ರೀ. ಹಬ್ಬ ಮುಗಿದ ಮೇಲೆ ವಿದ್ಯಾಗೆ ಕೊಟ್ಬಿಡ್ತೀನಿ. ಅವಳಿಗಾದ್ರೆ ಇಬ್ಬರು ಹೆಣ್ಣುಮಕ್ಕಳಿದಾರೆ. ನನ್ನ ನಂತರ ಇವನ್ನ ಯಾರು ಕೂರಿಸ್ತಾರೆ ಹೇಳಿ?’ ಎಂದಳು. ವಿದ್ಯಾ ಆಲ್ಫರೆಟಾದ ಅವಳ ಗೆಳತಿ. ಆ ಹೊತ್ತಿಗೆ ಗಂಡನಾದವನು ಏನಾದರೂ ಒಂದು ಒಳ್ಳೆಯ ಮಾತು ಹೇಳಬೇಕಿತ್ತು. ನಾನು, ‘ಮೂರು ಬಾಕ್ಸೂನಾ?’ ಎಂದು ಕೇಳಿದೆ. ಅವಳು ನನ್ನ ಮುಖವನ್ನೇ ನೋಡಿ, ಶೆಟ್ಟಿಯ ಮೇಲಿನ ಧೂಳು ಒರೆಸತೊಡಗಿದಳು.

ಪಾಡ್ಯದ ದಿನ ನಾನು ಮೆಟ್ಟಿಲು ಕಟ್ಟಲು ಸೂಟ್‌ಕೇಸುಗಳನ್ನು ಜೋಡಿಸುತ್ತಿದ್ದೆ. ಬಾಗಿಲು ತೆರೆದಿತ್ತು. ಪಾ ವಾ ಇಣುಕಿದಳು. ಅವಳ ಹಿಂದೆ ಅವಳ ತಮ್ಮ, ಆರು ವರ್ಷದ ಎ ಡೋ. ಸುಮಿತ್ರಾ ಇಬ್ಬರನ್ನೂ ಒಳಗೆ ಕರೆದು, ನಮ್ಮೂರಿನಲ್ಲಿ ಈ ಹಬ್ಬ ಬಂದರೆ ನಿಮ್ಮಂಥ ಮಕ್ಕಳು ಮನೆಮನೆಗೆ ಹೋಗಿ ‘ರೀ, ಗೊಂಬೆ ಕೂರ್ಸಿದೀರಾ?’ ಎಂದು ಕೇಳುತ್ತಾರೆ, ಕೇಳಿದವರಿಗೆಲ್ಲ ತಿಂಡಿ ಕೊಡುತ್ತಾರೆ, ಅದಕ್ಕೆ ಚರ್ಪು ಅನ್ನುತ್ತಾರೆ ಎಂದು ವಿವರಿಸಿ, ಆ ಮೂರು ಪದಗಳನ್ನು ಹೇಳಿಕೊಟ್ಟು, ಕೈಗೆ ಕೊಬ್ಬರಿ ಮಿಠಾಯಿ ಇಟ್ಟಳು. ಮೈಸೂರಿನಲ್ಲಾದರೆ ಬೀದಿಗೆ ಹತ್ತು ಮನೆಯಲ್ಲಿ ಗೊಂಬೆ ಇರುತ್ತಿತ್ತು, ಮಕ್ಕಳು ಹಂಚಿಹೋಗುತ್ತಿದ್ದರು. ಇಲ್ಲಿ ಇನ್ನೂರು ಮನೆಗಳ ಕಾಂಪ್ಲೆಕ್ಸಿನಲ್ಲಿ ಗೊಂಬೆ ಇರುವುದು ಒಂದೇ ಮನೆಯಲ್ಲಿ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಮರುದಿನ ನಾಲ್ಕೂಕಾಲಿಗೆ ಬಾಗಿಲು ದಡದಡ ಎಂದಿತು. ಹನ್ನೊಂದು ಮಕ್ಕಳು ಒಂದೇ ಉಸಿರಿಗೆ, ‘ರೀ, ಗೊಂಬೆ ಕೂರ್ಸಿದೀರಾ?’ ಎಂದರು. ಅಷ್ಟು ಸ್ಪಷ್ಟ ಕನ್ನಡವನ್ನು ನಾನು ಆಲ್ಫರೆಟಾದ ಮಕ್ಕಳ ಬಾಯಲ್ಲಿ ಕೇಳಿಲ್ಲ. ಮೂರನೆಯ ದಿನ ಹದಿನಾರು. ಉಸಲಿ ಖಾಲಿ, ಪುರಿಯುಂಡೆ ಖಾಲಿ. ನಾನು ಹಬ್ಬದ ನೆಪದಲ್ಲಿ ಮಾಡಿಸಿಕೊಂಡು ಮೈಕ್ರೋವೇವ್ ಹಿಂದೆ ಬಚ್ಚಿಟ್ಟಿದ್ದ ಚಕ್ಕುಲಿ ಡಬ್ಬಿಯನ್ನು ಎ ಡೋ ಎರಡೇ ದಿನದಲ್ಲಿ ಪತ್ತೆಹಚ್ಚಿದ. ಸರಿಯಾಗಿ ಅದೇ ಹೊತ್ತಿಗೆ ನನಗೆ ದಿನದ ಕೊನೆಯ ಮೀಟಿಂಗು. ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತರೂ, ಆನೆಯನ್ನು ಯಾರು ಮುಟ್ಟಬೇಕೆಂಬ ಜಗಳ ಗೋಡೆ ದಾಟಿ ಬರುತ್ತಿತ್ತು.

ಇದಕ್ಕೊಂದು ಗತಿ ಕಾಣಿಸಬೇಕೆಂದು ಯೋಚಿಸಿದೆ. ಚಿಕ್ಕಂದಿನಲ್ಲಿ ನಾನು ಗೊಂಬೆ ಮನೆಗಳಿಂದ ಓಡಿಬರುತ್ತಿದ್ದದ್ದು ಒಂದೇ ಕಾರಣಕ್ಕೆ. ಚರ್ಪು ಕೊಡುವ ಮೊದಲು ಆ ಮನೆಯ ಹೆಂಗಸರು, ‘ಎಲ್ಲಿ, ಒಂದು ಹಾಡು ಹೇಳು’ ಅನ್ನುತ್ತಿದ್ದರು. ನಾವು ಹುಡುಗರು ನಾಚಿ, ಒಬ್ಬರನ್ನೊಬ್ಬರು ತಳ್ಳಿ, ಪರಾರಿಯಾಗುತ್ತಿದ್ದೆವು. ನಾಲ್ಕನೆಯ ದಿನ ನಾನೇ ಬಾಗಿಲು ತೆರೆದು, ಗಂಭೀರವಾಗಿ, ‘ಇವತ್ತಿನಿಂದ ಹಾಡು ಹೇಳಿದವರಿಗೆ ಮಾತ್ರ ತಿಂಡಿ’ ಎಂದು ಘೋಷಿಸಿ, ಗೆದ್ದೆನೆಂದು ಒಳಗೆ ಹೋಗಿ ಮೀಟಿಂಗಿಗೆ ಕೂತೆ.

ಆ ಮಕ್ಕಳೆಲ್ಲ ಪ್ರತಿ ಭಾನುವಾರ ಚರ್ಚಿನಲ್ಲಿ ಹಾಡುವವರು ಎಂದು ನನಗೆ ಯಾರು ಹೇಳಬೇಕಿತ್ತು? ಪಾ ವಾ ಎಲ್ಲರನ್ನೂ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದಳಂತೆ. ಕೈ ಎತ್ತಿದಳಂತೆ. ಹದಿನಾರು ಗಂಟಲು, ಬೇರೆ ಬೇರೆ ಸ್ವರದಲ್ಲಿ ಸೇರಿಕೊಂಡು, ಕರೆನ್ ಭಾಷೆಯಲ್ಲಿ, ಆರು ಚರಣ. ನಾನು ಮೈಕ್ ಮುಚ್ಚುವುದನ್ನು ಮರೆತಿದ್ದೆ. ಆರೂ ಚರಣ ಮೀಟಿಂಗಿನಲ್ಲಿದ್ದವರಿಗೆಲ್ಲ ಕೇಳಿಸಿತು. ಹಾಡು ಮುಗಿದ ಮೇಲೆ ನನ್ನ ಮ್ಯಾನೇಜರಮ್ಮ, ಇದು ಯಾವ ರೆಕಾರ್ಡಿಂಗ್, ನನಗೂ ಕಳಿಸು ಎಂದಳು. ನಾನು ಹೊರಗೆ ಬಂದರೆ ಹದಿನಾರು ಅಂಗೈಗಳು ಚಾಚಿಕೊಂಡಿದ್ದವು. ಎಲ್ಲರಿಗೂ ಕೊಟ್ಟಾದ ಮೇಲೆ ಪಾ ವಾ, ‘ಅಂಕಲ್, ಈಗ ನಿನ್ನ ಹಾಡು’ ಎಂದಳು. ನನಗೆ ಐವತ್ತೈದು ವಯಸ್ಸು. ನಾಚಿ ಪರಾರಿಯಾದೆ.

ಆರನೆಯ ದಿನ ಪಾ ವಾಳ ಅಜ್ಜಿಯೇ ಬಂದಳು. ಕರೆನ್ ಭಾಷೆಯಲ್ಲಿ ಅಜ್ಜಿಗೆ ಫೀ ಎನ್ನುತ್ತಾರೆ; ಹಾಗಾಗಿ ಇಡೀ ಕಾಂಪ್ಲೆಕ್ಸಿಗೆ ಅವಳು ಫೀ. ಚರ್ಚಿಗೆ ಹೋಗುವ ಹೆಂಗಸು, ನಮ್ಮ ದೇವರುಗಳನ್ನು ಕಂಡು ಮಕ್ಕಳಿಗೆ ಇಲ್ಲಿಗೆ ಬರಬೇಡಿ ಅನ್ನುತ್ತಾಳೆ ಎಂದು ಸುಮಿತ್ರಾ ಹೆದರಿದಳು. ನಾನೂ ಹಾಗೇ ಅಂದುಕೊಂಡೆ, ಆದರೆ ಹೆದರಲಿಲ್ಲ. ಫೀ ಗೊಂಬೆಗಳನ್ನು ಒಂದೊಂದಾಗಿ ನೋಡುತ್ತ ಶೆಟ್ಟಿಯ ಮುಂದೆ ನಿಂತು ನಕ್ಕಳು. ನಮ್ಮ ಕ್ಯಾಂಪಿನಲ್ಲೂ ಇಂಥ ಒಬ್ಬ ಅಂಗಡಿಯವನಿದ್ದ, ಹೊಟ್ಟೆಯೂ ಇಷ್ಟೇ ಇತ್ತು ಎಂದಳು; ಪಾ ವಾ ಅನುವಾದಿಸಿದಳು. ಸುಮಿತ್ರಾ ರೂಢಿಯಂತೆ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ಕೊಟ್ಟಳು. ಫೀ ಎಲೆಯನ್ನು ಸೀರೆಯ ಜರಿ ನೋಡುವ ಹಾಗೆ ಬೆಳಕಿಗೆ ಹಿಡಿದು ನೋಡಿ, ತನ್ನ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಅಲ್ಲೇ ಮಡಿಸಿ ಬಾಯಿಗಿಟ್ಟುಕೊಂಡಳು. ಅಮೆರಿಕಕ್ಕೆ ಬಂದ ಮೇಲೆ ನಮ್ಮ ತಾಂಬೂಲವನ್ನು ನಮ್ಮ ಮನೆಯಲ್ಲೇ ಕೂತು ಜಗಿದ ಮೊದಲ ಅತಿಥಿ ಆಕೆ. ಸುಮಿತ್ರಾ ತಾನೂ ಒಂದು ಎಲೆ ಮಡಿಸಿಕೊಂಡು ಪಕ್ಕದಲ್ಲಿ ಕೂತಳು. ಭಾಷೆ ಬಾರದ ಇಬ್ಬರು ಕೆಂಪು ಬಾಯಿ ಮಾಡಿಕೊಂಡು ಒಂದೂವರೆ ಗಂಟೆ ಮಾತಾಡಿದರು. ಎರಡು ದಿನ ಬಿಟ್ಟು ಫೀ ತನ್ನ ಮಗ್ಗದಲ್ಲಿ ನೇಯ್ದ ಗೇಣುದ್ದದ ಕೆಂಪು ಅಂಗಿ ತಂದು ಪಟ್ಟದ ರಾಜನಿಗೆ ತೊಡಿಸಿದಳು. ರಾಜ ಚೆನ್ನಾಗಿಯೇ ಕಂಡ.

ವಿಜಯದಶಮಿಯ ಸಂಜೆ ಪಟ್ಟದ ಗೊಂಬೆಗಳನ್ನು ಮಲಗಿಸುವುದು ಪದ್ಧತಿ. ಅಲ್ಲಿಗೆ ಹಬ್ಬ ಮುಗಿಯಿತು. ಸುಮಿತ್ರಾ ರಾಣಿಯ ಮೇಲೆ ಕೈಯಿಟ್ಟಾಗ ಮಕ್ಕಳೆಲ್ಲ ಅಲ್ಲೇ ಇದ್ದರು. ಯಾಕೆ ಮಲಗಿಸುತ್ತಿದ್ದೀರಿ, ನಾಳೆ ನಾವು ಬರಬಾರದೇ ಎಂದು ಪಾ ವಾ ಕೇಳಿದಳು. ಸುಮಿತ್ರಾ ಮೆಲ್ಲಗೆ, ಗೊಂಬೆಗಳು ಶನಿವಾರ ಬೇರೆ ಮನೆಗೆ ಹೋಗುತ್ತಿವೆ ಎಂದಳು. ಎ ಡೋ, ‘ಅವರು ಏನು ತಪ್ಪು ಮಾಡಿದರು?’ ಎಂದು ಕೇಳಿದ. ಸುಮಿತ್ರಾ ರಾಣಿಯ ಮೇಲಿನಿಂದ ಕೈ ತೆಗೆದಳು. ‘ನಾಳೆ ನೋಡಿದ್ರಾಯ್ತು’ ಎಂದು ಅಡಿಗೆಮನೆಗೆ ಹೋದಳು. ನಾಳೆಯೂ ಮಲಗಿಸಲಿಲ್ಲ, ನಾಡಿದ್ದೂ ಇಲ್ಲ. ಶನಿವಾರಕ್ಕೆ ಯಾರದೋ ಡ್ಯೂಟಿಯನ್ನು ತಾನು ಹಾಕಿಸಿಕೊಂಡು, ‘ವಿದ್ಯಾ ಬಂದ್ರೆ ನೀವೇ ಪ್ಯಾಕ್ ಮಾಡಿ ಕೊಟ್ಬಿಡಿ’ ಎಂದು ಆಸ್ಪತ್ರೆಗೆ ಹೊರಟುಹೋದಳು.

ಹತ್ತು ಗಂಟೆಗೆ ವಿದ್ಯಾ ದೊಡ್ಡ ಗಾಡಿ ತಂದಳು, ಬಬಲ್ ರ್‍ಯಾಪ್ ಸಮೇತ. ಒಳಗೆ ಬಂದವಳು ರಾಜನನ್ನು ನೋಡಿ, ‘ಇದೇನು ಭಾವ, ಈ ಡ್ರೆಸ್ಸು?’ ಎಂದಳು. ಅಷ್ಟರಲ್ಲಿ ಅವಳ ಕಣ್ಣು ಕೆಳಗಿನ ಮೆಟ್ಟಿಲಿಗೆ ಹೋಯಿತು. ಅಲ್ಲಿ ಮಕ್ಕಳು ತಂದಿಟ್ಟ ಒಂದು ಹಸಿರು ಡೈನೊಸಾರ್, ಕಾಲಿಲ್ಲದ ಫುಟ್‌ಬಾಲ್ ಆಟಗಾರ, ಬರ್ಗರ್ ಅಂಗಡಿಯ ಊಟದ ಜೊತೆ ಪುಕ್ಕಟೆ ಬಂದ ನಾಲ್ಕು ಆಟಿಕೆಗಳು ಇದ್ದವು. ‘ಇನ್ನೂ ಪ್ಯಾಕೇ ಮಾಡಿಲ್ವಲ್ಲ!’ ಎಂದಳು.

ನಾನು ಪೆಟ್ಟಿಗೆ ತರಲೆಂದೇ ಎದ್ದೆ, ನಿಜವಾಗಿ. ಆದರೆ ಬಾಯಿ ಬೇರೆ ಏನೋ ಹೇಳಿತು. ‘ಮಲಗಿಸದ ಗೊಂಬೆ ಹೊಸಿಲು ದಾಟಬಾರದಮ್ಮ.’

‘ಹಾಗಾದ್ರೆ ಈಗ ಮಲಗ್ಸಿ, ಭಾವ.’

‘ದಶಮಿ ದಾಟಿತಲ್ಲ. ಇನ್ನು ಮುಂದಿನ ದಶಮಿವರೆಗೂ ಮಲಗಿಸೋ ಹಾಗಿಲ್ಲ.’

‘ನಾನು ಕೇಳೇ ಇಲ್ವಲ್ಲ ಇದನ್ನ!’

‘ಅರಮನೆ ಕಡೆ ಪದ್ಧತಿ. ಹಳಬರಿಗೆ ಮಾತ್ರ ಗೊತ್ತು.’

ವಿದ್ಯಾ ಶಾಸ್ತ್ರ ಸಂಪ್ರದಾಯ ಎಂದರೆ ಎರಡು ಹೆಜ್ಜೆ ಹಿಂದೆ ಸರಿಯುವವಳು. ಗೊಂಬೆಗಳಿಗೆ ನಮಸ್ಕಾರ ಮಾಡಿ, ಡೈನೊಸಾರಿಗೂ ಸೇರಿಸಿ ಅರಿಸಿನ ಕುಂಕುಮ ಹಾಕಿ, ‘ಸದ್ಯ, ಹೇಳಿದ್ರಲ್ಲ, ಅನಾಹುತ ತಪ್ಪಿತು’ ಎಂದು ಬಬಲ್ ರ್‍ಯಾಪ್ ಹೊತ್ತುಕೊಂಡು ಹೋದಳು. ಸುಮಿತ್ರಾ ಸಂಜೆ ಬಂದವಳು ಬಾಗಿಲಲ್ಲೇ ನಿಂತಳು. ‘ವಿದ್ಯಾ ಬರ್ಲಿಲ್ವಾ?’ ಎಂದಳು. ‘ಬಂದಿದ್ಲು, ಗಾಡೀಲಿ ಜಾಗ ಇರ್ಲಿಲ್ಲ’ ಎಂದೆ. ಅವಳು ಆಸ್ಪತ್ರೆಯ ಬ್ಯಾಡ್ಜನ್ನೂ ತೆಗೆಯದೆ ಗೊಂಬೆಗಳ ಮುಂದೆ ಕೂತು ಅತ್ತಳು. ನನಗೆ ಬಹಳ ಸಂತೋಷವಾಯಿತು. ಅದನ್ನು ತೋರಿಸಿಕೊಳ್ಳಬಾರದೆಂದು ಕಾಫಿ ಮಾಡಲು ಹೋದೆ.

ಈಗ ಸಂಕ್ರಾಂತಿ ಕಳೆದಿದೆ. ಗೊಂಬೆಗಳು ಇನ್ನೂ ನಿಂತೇ ಇವೆ. ಕ್ರಿಸ್‌ಮಸ್ಸಿಗೆ ಅವುಗಳ ಪಕ್ಕ ಮಕ್ಕಳು ಒಂದು ಗೋದಲಿಯನ್ನೂ ಇಟ್ಟರು. ಕುರಿಗಳನ್ನು ಶೆಟ್ಟಿ ನೋಡಿಕೊಳ್ಳುತ್ತಿದ್ದಾನೆ. ನನ್ನ ಸೂಟ್‌ಕೇಸುಗಳೆಲ್ಲ ಅಡಿಯಲ್ಲಿರುವುದರಿಂದ ನಾವು ಎಲ್ಲಿಗೂ ಹೋಗುವಂತಿಲ್ಲ. ಚಕ್ಕುಲಿ ಒತ್ತುವುದನ್ನು ನಾನೇ ಕಲಿತಿದ್ದೇನೆ.

ಮೊನ್ನೆ ಸಂಜೆ ಸುಮಿತ್ರಾ ಸೋಫಾದ ಮೇಲೆ ಕೂತು ಫೋನ್ ನೋಡುತ್ತಿದ್ದವಳು, ‘ನೋಡಿ ರೀ, ಮೈಸೂರಿಂದ ಚಿಕ್ಕಮ್ಮ ಏನೋ ಫಾರ್ವರ್ಡ್ ಮಾಡಿದಾರೆ’ ಎಂದು ಗಟ್ಟಿಯಾಗಿ ಓದತೊಡಗಿದಳು. ‘ಮಲಗಿಸದ ಗೊಂಬೆಗಳು ಹೊಸಿಲು ದಾಟಬಾರದು. ದಶಮಿ ಕಳೆದರೆ ಮುಂದಿನ ದಶಮಿಯವರೆಗೆ ಮಲಗಿಸಬಾರದು. ಇದು ಅರಮನೆಯ ಪುರಾತನ ಪದ್ಧತಿ. ತಪ್ಪದೆ ಹತ್ತು ಜನಕ್ಕೆ ಕಳಿಸಿ.’ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಆಲ್ಫರೆಟಾದಿಂದ ಮೈಸೂರಿಗೆ ಹೋಗಿ ಬರಲು ಅದಕ್ಕೆ ಮೂರು ತಿಂಗಳು ಹಿಡಿದಿತ್ತು.

‘ಇನ್ನೂ ಇದೆ’ ಎಂದು ಅವಳು ಮುಂದುವರಿಸಿದಳು. ‘ಗೊಂಬೆಗಳು ನಿಂತಿರುವಷ್ಟು ದಿನವೂ ಮನೆಯ ಯಜಮಾನನು ಸಂಜೆ ಅವುಗಳ ಮುಂದೆ, ಮಕ್ಕಳು ಕೇಳುವಂತೆ, ಒಂದು ಹಾಡು ಹೇಳತಕ್ಕದ್ದು.’

ಆ ಮಾತು ಶಾಸ್ತ್ರದಲ್ಲಿ ಇಲ್ಲ. ನನಗೆ ಖಚಿತವಾಗಿ ಗೊತ್ತು. ದಾರಿಯಲ್ಲಿ ಯಾರಾದರೂ ಸೇರಿಸಿದರೋ, ಇಲ್ಲೇ ಈ ಸೋಫಾದ ಮೇಲೆಯೇ ಸೇರಿತೋ, ಫೋನ್ ಕಿತ್ತುಕೊಂಡು ನೋಡೋಣವೆಂದರೆ ಅವಳು ಅದನ್ನು ಮಡಿಲಲ್ಲಿ ಬೋರಲು ಹಾಕಿ ನನ್ನನ್ನೇ ನೋಡುತ್ತಿದ್ದಳು. ‘ಯಾಕ್ರೀ, ಹಾಗಿಲ್ವಾ?’ ಎಂದಳು. ಇಲ್ಲ ಎನ್ನಬೇಕಾದರೆ ಮೊದಲಿನ ಎರಡು ಮಾತನ್ನು ಹುಟ್ಟಿಸಿದವನು ಯಾರೆಂದು ಒಪ್ಪಿಕೊಳ್ಳಬೇಕು. ಹೊರಗೆ ಬಸ್ಸು ಬಂದು ನಿಂತ ಸದ್ದಾಯಿತು. ನಾನು ಎದ್ದು ನಿಂತು ಗಂಟಲು ಸರಿಮಾಡಿಕೊಂಡೆ.